ಸಂಕಮ್ಮ ಕೊಡದ ಭಾಷೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಕಂಸಾಳೆಯವರ ಹಿಂದೆ ಅಲೆಯುವುದು ನನ್ನ ಸಂಶೋಧನೆಯ ಭಾಗ. ಮಾದೇಶ್ವರ ಕಾವ್ಯದ 'ಸಂಕಮ್ಮನ ಸಾಲು' ಕುರಿತ ಅಧ್ಯಾಯದಲ್ಲಿ, ಬಂಜೆಯೆನಿಸಿಕೊಂಡ ಸಂಕಮ್ಮನಿಗೆ ಮಾದಪ್ಪ ಇಬ್ಬರು ಗಂಡುಮಕ್ಕಳ ವರ ಕೊಡುವುದನ್ನು 'ಸ್ತ್ರೀಪರ ಮುಕ್ತಾಯ' ಎಂದು ಬರೆದಿದ್ದೆ. ಕೋಟೆ ಕಡೆಯ ಒಂದು ರಾತ್ರಿ ಆ ವಾಕ್ಯವನ್ನು ಹೊಡೆದುಹಾಕಿಸಿತು.

ವರದ ಭಾಗ ಬರುತ್ತಿದ್ದಂತೆ ಪಕ್ಕದಲ್ಲಿದ್ದ ಅಕ್ಕ ಎದ್ದುಹೋದರು. ಮೂವತ್ತು ದಾಟಿದ್ದಷ್ಟೇ, ಗರ್ಭಕೊರಳಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಆಗಿತ್ತು. ಮಾರನೇ ದಿನ ಅಂದರು: "ನಂಗೆ ಕೊಡಕ್ಕೆ ಮಾದಪ್ಪನ ಕೈಲೂ ಆಗಕಿಲ್ಲ ಕಣವ್ವ. ಅಳಂಗೂ ಇಲ್ಲ. ಜೀವ ಉಳೀತಲ್ಲ, ಸಾಕು ಅಂತಾರೆ."

ಹೆಣ್ಣು ತನ್ನೆಲ್ಲ ಅಂಡಗಳನ್ನು ಹುಟ್ಟುವಾಗಲೇ ಹೊತ್ತು ಬರುತ್ತಾಳೆ. ಕಿಬ್ಬೊಟ್ಟೆಗೆ ಕೊಡುವ ವಿಕಿರಣ ಅವುಗಳನ್ನೂ ಗರ್ಭಕೋಶದ ಒಳಪದರವನ್ನೂ ಹಾಳುಗೆಡವುತ್ತದೆ. ಮುಟ್ಟು ಅಕಾಲದಲ್ಲೇ ನಿಲ್ಲುತ್ತದೆ. ಮೊದಲೇ ಅಂಡ ತೆಗೆದು ಶೈತ್ಯದಲ್ಲಿಡಬಹುದೆಂಬ ಮಾತನ್ನು ಅವರ ಬಳಿ ಯಾರೂ ಆಡಿರಲಿಲ್ಲ.

ನಮ್ಮ ಕಥನಗಳಲ್ಲಿ ಈ ದುಃಖಕ್ಕೆ ಜಾಗ ಕಡಿಮೆ. ಬಂಜೆಯ ಕಥೆ ಮಗು ಹುಟ್ಟಿದೊಡನೆ ಮುಗಿಯುತ್ತದೆ, ಕ್ಯಾನ್ಸರಿನ ಕಥೆ ಜೀವ ಉಳಿದೊಡನೆ. ಭಾರತಿ ಬಿ.ವಿ. ತಮ್ಮ ಕ್ಯಾನ್ಸರ್ ಅನುಭವವನ್ನು ಬರೆದ 'ಸಾಸಿವೆ ತಂದವಳು' ಹೆಸರಿನಲ್ಲೇ ಕಿಸಾಗೋತಮಿಯನ್ನು ನೆನಪಿಸುತ್ತದೆ. ಆದರೆ ಗೋತಮಿಗೆ ಅಪ್ಪಿಕೊಂಡು ಅಳಲು ಸತ್ತ ಮಗುವಾದರೂ ಇತ್ತು. ಹುಟ್ಟದೇ ಹೋದ ಮಗುವಿಗೆ ಸೂತಕವಿಲ್ಲ, ತಿಥಿಯಿಲ್ಲ. ಅಳುವವಳಿಗೆ ಸಮಾಧಾನ ಹೇಳಲು ಯಾರೂ ಬಾಗಿಲಿಗೆ ಬರುವುದಿಲ್ಲ.

ಹಾಗಾದರೆ ಸಂಕಮ್ಮ ಈ ಅಕ್ಕನಿಗೆ ಏನೂ ಅಲ್ಲವೇ? ಸಾಲನ್ನು ಮತ್ತೆ ಕೇಳಿದೆ. ಕಾಡಿಗೆ ಹೊರಟ ಗಂಡ ಬಲಗೈ ಭಾಷೆ ಕೇಳುತ್ತಾನೆ: ನಾನಿಲ್ಲದಾಗ ಪತಿವ್ರತೆಯಾಗಿರುತ್ತೇನೆಂದು ಆಣೆ ಮಾಡು. ಸಂಕಮ್ಮ ಕೊಡುವುದಿಲ್ಲ. ಹಿಂಸೆ ಅನುಭವಿಸುತ್ತಾಳೆ, ಆದರೂ ಕೊಡುವುದಿಲ್ಲ. ವರ ಬರುವುದು ಆಮೇಲೆ. ಕಾವ್ಯದ ಜೀವ ಇರುವುದು ವರದಲ್ಲಲ್ಲ, ಈ ನಿರಾಕರಣೆಯಲ್ಲಿ ಎಂದು ಈಗ ನನಗನ್ನಿಸುತ್ತದೆ.

'ಜೀವ ಉಳೀತಲ್ಲ, ಸಾಕು' ಎಂಬುದೂ ಒಂದು ಭಾಷೆ ಕೇಳುವ ಬಗೆಯೇ: ನನಗೆ ದುಃಖವಿಲ್ಲವೆಂದು ಆಣೆ ಮಾಡು. ಆ ರಾತ್ರಿ ಎದ್ದುಹೋದ ಅಕ್ಕ ಅದನ್ನು ಕೊಡಲಿಲ್ಲ. ನನ್ನ ಅಧ್ಯಾಯ ಈಗ ಅಲ್ಲಿಂದ ಶುರುವಾಗುತ್ತದೆ.