ನೊರೆಯ ಸಾಕ್ಷ್ಯ

ಆರ್.ಟಿ. ನಗರದಿಂದ ಯಲಹಂಕದವರೆಗೆ ಯಾವ ಮೆಡಿಕಲ್ ಶಾಪಿನಲ್ಲಿ ಕೇಳಿದರೂ ಚೀಟಿಯಿಲ್ಲದೆ ಕೈಗೆ ಬರುವ ಸಾಮಾನುಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಒಂದು. ಮಗು ಬಿದ್ದು ಮಂಡಿ ತರಚಿಕೊಂಡಿತೋ, ಸ್ಕೂಟರ್ ಜಾರಿ ಮೊಣಕೈ ಸುಲಿಯಿತೋ, ಹತ್ತಿಯನ್ನು ಅದರಲ್ಲಿ ಅದ್ದಿ ಗಾಯಕ್ಕೆ ಒತ್ತುವುದು ಅನೇಕ ಮನೆಗಳ ರೂಢಿ. ಬುಸಬುಸನೆ ಬಿಳಿ ನೊರೆ ಏಳುತ್ತದೆ, ಉರಿಯುತ್ತದೆ, ‘ನೋಡು, ಕೊಳೆಯೆಲ್ಲ ಹೊರಗೆ ಬರ್ತಿದೆ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಈ ರೂಢಿ ನಿಂತಿರುವುದೇ ಆ ನೊರೆಯ ಮೇಲೆ. ಕಣ್ಣಿಗೆ ಕಾಣುವಂತೆ ಕೆಲಸ ಮಾಡುವ ಔಷಧಿಗಳು ಎಷ್ಟಿವೆ ಹೇಳಿ! ಆದರೆ ನೊರೆ ನುಡಿಯುವ ಸಾಕ್ಷ್ಯ ಅಷ್ಟೇನೂ ನೆಚ್ಚತಕ್ಕದ್ದಲ್ಲ. ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಅದೇ ಬಾಟಲಿಯ ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿದೆ, ಅದನ್ನು ಓದುವವರು ಕಡಿಮೆ.

ನೀರಿನ ಅಣುವಿಗೆ ಇನ್ನೊಂದು ಆಮ್ಲಜನಕ ಪರಮಾಣು ಅಂಟಿಕೊಂಡರೆ ಆಗುವ ಈ ವಸ್ತುವನ್ನು 1818ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ತೆನಾರ್ ಮೊದಲು ತಯಾರಿಸಿದ. ಆ ಹೆಚ್ಚುವರಿ ಆಮ್ಲಜನಕ ಸದಾ ಬಿಟ್ಟುಹೋಗಲು ಕಾಯುತ್ತಿರುತ್ತದೆ. ನಮ್ಮ ರಕ್ತದಲ್ಲೂ ಜೀವಕೋಶಗಳಲ್ಲೂ ಕ್ಯಾಟಲೇಸ್ ಎಂಬ ಕಿಣ್ವವಿದೆ. ಪೆರಾಕ್ಸೈಡನ್ನು ಕ್ಷಣದಲ್ಲಿ ನೀರು ಮತ್ತು ಆಮ್ಲಜನಕವಾಗಿ ಒಡೆದು ದೇಹವನ್ನು ಕಾಪಾಡುವುದು ಅದರ ಕೆಲಸ. ಗಾಯದ ಮೇಲೆ ಏಳುವುದು ಈ ಆಮ್ಲಜನಕದ ಗುಳ್ಳೆಗಳು. ಒಂದೂ ಕ್ರಿಮಿಯಿಲ್ಲದ ಹಸಿ ಗಾಯವೂ ಹೀಗೆಯೇ ನೊರೆಯುಗುಳುತ್ತದೆ. ಅಂದರೆ ನೊರೆ ತೋರಿಸುವುದು ಕ್ರಿಮಿಗಳ ಸಾವನ್ನಲ್ಲ, ಔಷಧಿ ಮುಗಿದುಹೋಗುತ್ತಿರುವುದನ್ನು. ಗಾಯದ ಸೋಂಕಿಗೆ ಕಾರಣವಾಗುವ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದಲ್ಲೂ ಇದೇ ಕಿಣ್ವ ಇರುವುದು ಇನ್ನೊಂದು ತಮಾಷೆ. ಅತ್ತ ಗಾಯ ಕೂಡಿಸಲು ಬರುವ ಹೊಸ ಕೋಶಗಳಿಗೆ ಪೆರಾಕ್ಸೈಡಿನಿಂದ ಪೆಟ್ಟು ಬೀಳುತ್ತದೆ. ಗಾಯಕ್ಕೆ ದಿನವೂ ಹಚ್ಚುವುದರಿಂದ ಸೋಂಕು ತಗ್ಗುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆಯಿಲ್ಲ. ನಲ್ಲಿ ನೀರು ಮತ್ತು ಸೋಪು ಸಾಕು.

‘ಹಾಗಾದರೆ ಡಾಕ್ಟರುಗಳೇ ಯಾಕೆ ಬಳಸುತ್ತಾರೆ?’ ಎಂಬ ಪ್ರಶ್ನೆ ನ್ಯಾಯವಾದದ್ದು. ರಸ್ತೆ ಅಪಘಾತದ ಗಾಯದಲ್ಲಿ ಮಣ್ಣು, ಹೆಪ್ಪುಗಟ್ಟಿದ ರಕ್ತ ಮೆತ್ತಿಕೊಂಡಿದ್ದಾಗ ಗುಳ್ಳೆಗಳು ಅದನ್ನು ಮೇಲಕ್ಕೆತ್ತುತ್ತವೆ, ಕಿವಿಯ ಗುಗ್ಗೆ ಸಡಿಲಿಸಲೂ ಅದು ನೆರವಾಗುತ್ತದೆ. ಅಲ್ಲಿ ಬಳಸುವುದು ಒಮ್ಮೆ, ಅಳತೆಯಿಟ್ಟು, ಆಮೇಲೆ ತೊಳೆದುಬಿಡುತ್ತಾರೆ. ಆಳವಾದ ಕುಳಿಯಂಥ ಗಾಯದೊಳಗೆ ಒತ್ತಿ ಹಾಯಿಸಿದಾಗ ಆಮ್ಲಜನಕದ ಗುಳ್ಳೆಗಳು ರಕ್ತನಾಳ ಸೇರಿ ಜೀವಕ್ಕೇ ಕುತ್ತು ತಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನಾಯಿ ಕಡಿತದಲ್ಲಂತೂ ನೊರೆಯ ಭ್ರಮೆ ದುಬಾರಿ. ಅಲ್ಲಿ ಬೇಕಾದದ್ದು ಹರಿಯುವ ನೀರಿನಡಿ 15 ನಿಮಿಷ ಸೋಪು ಹಾಕಿ ತೊಳೆಯುವುದು, ತಡಮಾಡದೆ ಲಸಿಕೆ. ರೇಬಿಸ್ ವೈರಸ್ಸಿನ ಹೊರಕವಚ ಕೊಬ್ಬಿನದು, ಸೋಪು ಅದನ್ನು ಕರಗಿಸುತ್ತದೆ. ನೊರೆ ಬಂದದ್ದನ್ನು ನೋಡಿ ‘ಕ್ಲೀನ್ ಆಯ್ತು’ ಎಂದು ಆ ಹದಿನೈದು ನಿಮಿಷವನ್ನು ಎರಡಕ್ಕೆ ಇಳಿಸಿದರೆ ನಷ್ಟ ಯಾರದು?

ಇನ್ನು ಲೇಬಲ್ಲು. ಔಷಧಿಗಳ ಗುಣಮಟ್ಟ ಗೊತ್ತುಮಾಡುವ ಭಾರತೀಯ ಫಾರ್ಮಕೋಪಿಯಾದ ಪ್ರಕಾರ ನಮ್ಮಲ್ಲಿ ಸಾಮಾನ್ಯವಾಗಿ ಮಾರುವ ಬಾಟಲಿಯ ಮೇಲೆ ‘20 ವಾಲ್ಯೂಮ್’ ಎಂದಿರುತ್ತದೆ. 1 ಮಿ.ಲೀ. ದ್ರಾವಣದಿಂದ 20 ಮಿ.ಲೀ. ಆಮ್ಲಜನಕ ಹೊರಡುತ್ತದೆ ಎಂದು ಅದರ ಅರ್ಥ. ಶೇಕಡಾ ಲೆಕ್ಕದಲ್ಲಿ ಸುಮಾರು 6. ಅಮೆರಿಕದ ಅಂಗಡಿಗಳಲ್ಲಿ ಸಿಗುವುದು ಶೇ. 3ರದ್ದು. ಬಾಯಿ ಮುಕ್ಕಳಿಸಿ, ಹಲ್ಲು ಬೆಳ್ಳಗಾಗಿಸಿ, ಚಾಕೊಲೇಟ್ ತಿಂದ ನಾಯಿಗೆ ಕುಡಿಸಿ ವಾಂತಿ ಮಾಡಿಸಿ ಎಂದು ಮೊಬೈಲಿನಲ್ಲಿ ಬರುವ ಉಪದೇಶವೆಲ್ಲ ಆ ಶೇ. 3ನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಅದನ್ನೇ ನಮ್ಮ ಬಾಟಲಿಯಿಂದ ಪಾಲಿಸಿದರೆ ಅಳತೆ ನೇರವಾಗಿ ದುಪ್ಪಟ್ಟು. ಶೇ. 3 ಕುಡಿಸಿದಾಗಲೇ ನಾಯಿಯ ಜಠರದಲ್ಲಿ ಹುಣ್ಣಾಗುವುದುಂಟು. ಹೆಬ್ಬಾಳದಲ್ಲೇ ಪಶುವೈದ್ಯಕೀಯ ಕಾಲೇಜು ಇರುವಾಗ ಈ ಮನೆವೈದ್ಯ ಯಾಕೋ ತಿಳಿಯದು. ಇದಕ್ಕೆ ವಿರುದ್ಧದ ತಪ್ಪೂ ಇದೆ. ಮುಚ್ಚಳ ತೆರೆದ ಬಾಟಲಿ ದಿನ ಕಳೆದಂತೆ ಸಪ್ಪೆಯಾಗುತ್ತದೆ. ಪೆರಾಕ್ಸೈಡನ್ನು ಕಂದು ಬಾಟಲಿಯಲ್ಲಿ ಕೊಡುವುದೇ ಬೆಳಕಿಗೆ ಒಡೆಯುತ್ತದೆಂದು. ನೊರೆ ಕಡಿಮೆಯಾಯಿತು, ಗಾಯ ಮಾಗಿತು ಎಂದು ಮನೆಯವರು ಹಿಗ್ಗುವಾಗ ನಿಜವಾಗಿ ಹಳಸಿರುವುದು ಔಷಧಿ ಇರಬಹುದು.

ಅಂಕಿಯನ್ನು ಗೌರವಿಸಿ ಪೆರಾಕ್ಸೈಡ್ ಬಳಸುವ ಕಡೆ ಅದು ಎಷ್ಟು ಒಳ್ಳೆಯ ಆಳು ಎಂಬುದಕ್ಕೆ ಹಾಲಿನ ಉದ್ಯಮ ನೋಡಬೇಕು. ಕೆಎಂಎಫ್‌ನ ಮದರ್ ಡೇರಿ ಇರುವ ಯಲಹಂಕದ ಓದುಗರಿಗೆ ಇದು ದೂರದ ಮಾತಲ್ಲ. ಹಾಲು ಒಡೆಯದಿರಲೆಂದು ಪೆರಾಕ್ಸೈಡ್ ಬೆರೆಸುವುದು ನಮ್ಮ ಆಹಾರ ಕಾನೂನಿನಲ್ಲಿ ಕಲಬೆರಕೆ. ಪೊಟ್ಯಾಸಿಯಂ ಅಯೊಡೈಡ್ ಮತ್ತು ಪಿಷ್ಟ ಹಾಕಿದಾಗ ನೀಲಿ ಬಣ್ಣ ಬಂದರೆ ಕಳ್ಳ ಸಿಕ್ಕಿಬಿದ್ದ. ತಂಪುಗೊಳಿಸುವ ಸೌಲಭ್ಯವಿಲ್ಲದ ದೇಶಗಳಿಗಾಗಿ ಅಂತರರಾಷ್ಟ್ರೀಯ ಆಹಾರ ಮಾನದಂಡ ರೂಪಿಸುವ ಕೋಡೆಕ್ಸ್ 1991ರಲ್ಲಿ ಅತಿ ಸಣ್ಣ ಪ್ರಮಾಣಕ್ಕೆ ದಾರಿ ಬಿಟ್ಟಿತ್ತಲ್ಲ, ಇಲ್ಲೇಕೆ ಬೇಡ ಎಂದು ಕೇಳಬಹುದು. ಹಳ್ಳಿ ಹಳ್ಳಿಗೂ ಕೂಲರ್‌ಗಳು ಬಂದಿರುವ ಕಡೆ ಆ ಅಗತ್ಯವಿಲ್ಲ. ಕೊಳಕು ಕೊಟ್ಟಿಗೆಯನ್ನು ಮುಚ್ಚಿಡುವ ಪರದೆಯಾಗಿ ಮಾತ್ರ ಅದು ಉಳಿಯುತ್ತದೆ. ಅದೇ ಹೊತ್ತಿಗೆ ತಿಂಗಳುಗಟ್ಟಲೆ ಕೆಡದ ಹಾಲಿನ ಪ್ಯಾಕನ್ನು ಕ್ರಿಮಿಮುಕ್ತ ಮಾಡುವುದು ಸುಮಾರು ಶೇ. 35ರ ಬಿಸಿ ಪೆರಾಕ್ಸೈಡ್! ಆಮೇಲೆ ಬಿಸಿಗಾಳಿ ಅದನ್ನು ಒಡೆದು ಹಾರಿಸುತ್ತದೆ. ಅಮೆರಿಕದ ನಿಯಮದಂತೆ ಪ್ಯಾಕಿನಲ್ಲಿ ಉಳಿಯಬಹುದಾದದ್ದು ಹತ್ತು ಲಕ್ಷಕ್ಕೆ ಅರ್ಧ ಭಾಗ. ಹಾಲಿಗೆ ಬೇಡವಾದದ್ದು ಹಾಲಿನ ಮನೆಗೆ ಬೇಕು. ಇಲ್ಲಿ ಯಾರೂ ನೊರೆ ನೋಡಿ ತೀರ್ಮಾನಿಸುವುದಿಲ್ಲ.

ಯಶವಂತಪುರ ದಾಟಿ ಪೀಣ್ಯದ ಕಡೆ ಹೋದರೆ ಅಂಕಿ ಇನ್ನೂ ಏರುತ್ತದೆ. ಬಟ್ಟೆ ಬಿಳುಪಿಸಲು, ಕೊಳಚೆ ನೀರು ಸಂಸ್ಕರಿಸಲು ಕೈಗಾರಿಕೆಗಳು ಕೊಳ್ಳುವುದು ಶೇ. 35, 50ರ ಕ್ಯಾನುಗಳನ್ನು. ಕ್ಲೋರಿನ್ ಬ್ಲೀಚಿಗಿಂತ ಇದು ವಾಸಿ, ಕೊನೆಗೆ ಉಳಿಯುವುದು ನೀರು ಮತ್ತು ಆಮ್ಲಜನಕ ಮಾತ್ರ ಎಂಬ ವಾದ ಸರಿಯೇ. ಆದರೆ ‘ಕೊನೆಗೆ’ ಎಂಬಲ್ಲಿಗೆ ತಲುಪುವ ಮುನ್ನ ತುಕ್ಕು, ಮರದ ಹೊಟ್ಟು, ಬಿಸಿಲು ಯಾವುದು ತಗಲಿದರೂ ಅದು ಆಮ್ಲಜನಕವನ್ನೂ ಶಾಖವನ್ನೂ ಒಟ್ಟಿಗೆ ಬಿಡುತ್ತದೆ. 2000ದ ಆಗಸ್ಟ್‌ನಲ್ಲಿ ರಷ್ಯಾದ ಕುರ್ಸ್ಕ್ ಜಲಾಂತರ್ಗಾಮಿಯ 118 ಜನರನ್ನು ಬಲಿ ಪಡೆದ ಸ್ಫೋಟ ಶುರುವಾದದ್ದು ಟಾರ್ಪೆಡೊದಿಂದ ಸೋರಿದ ಪೆರಾಕ್ಸೈಡಿನಿಂದ. 2022ರ ಜೂನ್‌ನಲ್ಲಿ ಬಾಂಗ್ಲಾದೇಶದ ಸೀತಾಕುಂಡದ ಕಂಟೇನರ್ ಡಿಪೋದಲ್ಲಿ ಬೆಂಕಿಗೆ ಪೆರಾಕ್ಸೈಡ್ ಕಂಟೇನರ್‌ಗಳು ಸಿಡಿದು ಸುಮಾರು 50 ಮಂದಿ ಸತ್ತರು. ಒಳಗೇನಿದೆ ಎಂಬುದು ತಿಳಿಯದೆಯೇ ಅಗ್ನಿಶಾಮಕ ಸಿಬ್ಬಂದಿ ಬೆಂಕಿಗೆ ಇಳಿದಿದ್ದರೆಂದು ಆಗ ವರದಿಯಾಗಿತ್ತು.

ಸಾಗಣೆ ನಿಯಮ ಈ ವಸ್ತುವನ್ನು ಗುರುತಿಸುವುದೇ ಅಂಕಿಯಿಂದ. ಶೇ. 8ಕ್ಕಿಂತ ಕಡಿಮೆಯಾದರೆ ಅಪಾಯದ ಸರಕಲ್ಲ, 8ರಿಂದ 20ಕ್ಕೆ ಒಂದು ಸಂಖ್ಯೆ, 20ರಿಂದ 60ಕ್ಕೆ ಇನ್ನೊಂದು, ಅದರಾಚೆಗೆ ಮತ್ತೊಂದು. ತುಮಕೂರು ರಸ್ತೆಯಲ್ಲಿ ಶೇ. 50ರ ಪೆರಾಕ್ಸೈಡ್ ಹೊತ್ತ ಟ್ಯಾಂಕರ್ ಹೊರಟರೆ ಅದರ ಮೈಮೇಲೆ ಅಪಾಯದ ವರ್ಗ ಸೂಚಿಸುವ 5.1 ಎಂದು ಬರೆದ ಹಳದಿ ವಜ್ರಾಕೃತಿ, ಪಕ್ಕದಲ್ಲಿ ಆ ಸಂಖ್ಯೆ, ಅಂದರೆ 2014 ಇರಬೇಕು. ಅದು ಇಸವಿಯಲ್ಲ ಎಂಬುದು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತ ಟ್ರಾಫಿಕ್ ಪೊಲೀಸರಿಗೂ, ಆ ಕ್ಯಾನುಗಳನ್ನು ಇಳಿಸಿಕೊಳ್ಳುವ ಗೋಡೌನಿನ ಹಮಾಲಿಗೂ ಯಾರಾದರೂ ಹೇಳಿಕೊಟ್ಟಿರಬೇಕು.