ಮುಂದಿನ ಸರದಿ ಯಾರದು?

ಈಚೆಗೆ ಕಣ್ಣಿಗೆ ಬಿದ್ದ ಒಂದು ಕೋಡ್ ತಲೆಯಿಂದ ಹೋಗುತ್ತಿಲ್ಲ. ಕಮಾಂಡ್ ಎಂದರೆ ಒಂದು ಕೆಲಸ ಮಾಡುವ ಪುಟ್ಟ ಕ್ಲಾಸು. ಇಲ್ಲಿ ಲಾಗಿನ್ ಕಮಾಂಡ್ ತನ್ನ ಕೆಲಸ ಮುಗಿಸಿ ಪ್ರೊಫೈಲ್ ತರುವ ಕಮಾಂಡನ್ನು ತಾನೇ ಕರೆಯುತ್ತದೆ, ಅದು ಇನ್ನೊಂದನ್ನು, ಅದು ಮತ್ತೊಂದನ್ನು. ಯಾವುದಾದ ಮೇಲೆ ಯಾವುದು ಎಂದು ತಿಳಿಯಬೇಕಾದರೆ ಎಲ್ಲ ಫೈಲುಗಳನ್ನೂ ತೆರೆದು ಕೂರಬೇಕು. ಡಿಪೆಂಡೆನ್ಸಿ ಇಂಜೆಕ್ಷನ್ ಫ್ರೇಮ್‌ವರ್ಕ್ ಕೈಯಲ್ಲಿದ್ದೂ ಹೀಗೆ ಬರೆಯುವ ಪಂಥದ ಜೊತೆ ನನ್ನ ಜಗಳ ಹಳೆಯದು.

ಮಾರ್ಟಿನ್ ಫೌಲರ್ 2004ರ ಜನವರಿಯಲ್ಲಿ ಡಿಪೆಂಡೆನ್ಸಿ ಇಂಜೆಕ್ಷನ್ ಕುರಿತು ಬರೆದ ಪ್ರಬಂಧವನ್ನು ಈಗಲೂ ತೆಗೆದು ಓದುತ್ತೇನೆ. ಒಬ್ಬ ನಿರ್ದೇಶಕನ ಸಿನಿಮಾಗಳನ್ನು ಪಟ್ಟಿ ಮಾಡುವ ಪುಟ್ಟ ಕ್ಲಾಸು ಅದರ ಉದಾಹರಣೆ. ಸಿನಿಮಾಗಳನ್ನು ಹುಡುಕಿ ತರುವವರು ಯಾರೆಂದು ಆ ಕ್ಲಾಸಿಗೆ ಗೊತ್ತಿರಬೇಕಾಗಿಲ್ಲ, ಹೊರಗಿನವರು ತಂದು ಜೋಡಿಸುತ್ತಾರೆ. ಅವಲಂಬನೆಗೆ ಈ ನ್ಯಾಯ ಒಪ್ಪಿದವರು ಸರದಿಗೆ ಏಕೆ ಒಪ್ಪಬಾರದು? ಮುಂದೆ ಯಾರು ಎಂಬುದೂ ಕಮಾಂಡಿಗೆ ಗೊತ್ತಿರಬಾರದು. ಅದು ಬೈಂಡಿಂಗ್‌ನಲ್ಲಿ, ಅಂದರೆ ಯಾವುದಕ್ಕೆ ಯಾವುದು ಎಂದು ಜೋಡಿಸುವ ಜಾಗದಲ್ಲಿ, ಒಂದೇ ಕಡೆ, ಮೇಲಿಂದ ಕೆಳಗೆ ಓದುವಂತೆ ಇರಬೇಕು.

ಯೂನಿಟಿ ಗೇಮ್ ಎಂಜಿನ್‌ಗಾಗಿ ಬರೆದ ಸ್ಟ್ರೇಂಜ್‌ಐಒಸಿ ಫ್ರೇಮ್‌ವರ್ಕ್ ಮಾಡಿದ್ದು ಇದನ್ನೇ. ಕಮಾಂಡುಗಳನ್ನು ಸಾಲಾಗಿ ಕಟ್ಟಿ ಕೊನೆಗೆ ‘ಇನ್‌ಸೀಕ್ವೆನ್ಸ್’ ಎಂದರಾಯಿತು. ಸರ್ವರಿನ ಉತ್ತರಕ್ಕೆ ಕಾಯುವ ಕಮಾಂಡು ‘ರಿಟೇನ್’ ಎನ್ನಬೇಕು, ಉತ್ತರ ಬಂದಾಗ ‘ರಿಲೀಸ್’. ರಿಟೇನ್ ಮರೆತರೆ ಡೇಟಾ ಬರುವ ಮೊದಲೇ ಮುಂದಿನ ಕಮಾಂಡ್ ಓಡುತ್ತದೆ. ರಿಲೀಸ್ ಮರೆತರೆ ಎರರ್ ಕೂಡ ತೋರಿಸದೆ ಇಡೀ ಸಾಲು ಅಲ್ಲೇ ನಿಲ್ಲುತ್ತದೆ.

ಅವೇಟ್ ಇರುವಾಗ ಇದೆಲ್ಲ ಏಕೆ ಎನ್ನುವವರಿದ್ದಾರೆ. 2012ರಲ್ಲಿ ಸಿ ಶಾರ್ಪ್ 5 ಅದನ್ನು ತಂದಾಗ ನನಗೂ ಖುಷಿಯಾಗಿತ್ತು. ಕಮಾಂಡಿನ ಒಳಗೆ ಧಾರಾಳವಾಗಿ ಬಳಸಿ. ಆದರೆ ಕಾಯಬೇಕಾದ ಮೊದಲ ಅವೇಟ್‌ನಲ್ಲೇ ಕಮಾಂಡಿನ ಎಕ್ಸಿಕ್ಯೂಟ್ ಮೆಥಡ್ ವಾಪಸಾಗುತ್ತದೆ, ಫ್ರೇಮ್‌ವರ್ಕ್ ಕೆಲಸ ಆಯಿತೆಂದುಕೊಳ್ಳುತ್ತದೆ. ರಿಟೇನ್ ಅಲ್ಲೂ ಬೇಕು.

ಇದಕ್ಕಿಂತ ದೊಡ್ಡ ಮಾತು ಕೆಲಸ ಕೆಟ್ಟಾಗಿನ ದಾರಿಯದು. ಅದಕ್ಕೊಂದು ಹೋಲಿಕೆ ಕೊಡುತ್ತೇನೆ. ನಮ್ಮ ಮಾಚೇನಹಳ್ಳಿಯಲ್ಲಿ ಹಾಲು ಒಕ್ಕೂಟ ಶಿಮುಲ್‌ನ ಡೈರಿ ಇದೆ. ಡೈರಿಗಳ ಪಾಶ್ಚರೈಸರಿನಲ್ಲಿ ಹಾಲು 72 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15 ಸೆಕೆಂಡ್ ಇರಬೇಕು. ಶಾಖ ಅಷ್ಟು ಮುಟ್ಟದಿದ್ದರೆ ಫ್ಲೋ ಡೈವರ್ಶನ್ ವಾಲ್ವ್ ಹಾಲನ್ನು ಮುಂದೆ ಬಿಡದೆ ಬ್ಯಾಲೆನ್ಸ್ ಟ್ಯಾಂಕಿಗೆ ವಾಪಸು ಕಳಿಸುತ್ತದೆ. ವಾಲ್ವಿಗೆ ಬರುವ ಕರೆಂಟೇ ಹೋದರೂ ಅದು ತಿರುಗುವುದು ವಾಪಸು ಕಳಿಸುವ ಕಡೆಗೇ. ಪ್ಯಾಕಿಂಗ್ ವಿಭಾಗ ಹೇಗಿದೆ ಎಂಬ ಚಿಂತೆ ಅದಕ್ಕಿಲ್ಲ.

ಆದರೆ ನಮ್ಮ ಕಮಾಂಡುಗಳು ‘ಫೇಲ್’ ಕರೆಯುವುದು ಎರರ್ ಬಂದಾಗ ಮಾತ್ರ. ಉತ್ತರವೇ ಬರದಿದ್ದರೆ? ರಿಟೇನ್ ಬರೆದ ಸಾಲಿನ ಕೆಳಗೇ ಟೈಮ್‌ಔಟ್ ಬರೆಯಿರಿ, ಅವಧಿ ಮೀರಿದರೆ ಫೇಲ್ ಮಾಡಿ. ಫೇಲ್ ಸಾಲನ್ನು ನಿಲ್ಲಿಸುತ್ತದೆಯೇ ಹೊರತು ಹಿಂದಿನ ಕಮಾಂಡುಗಳು ಮಾಡಿಟ್ಟದ್ದನ್ನು ಅಳಿಸುವುದಿಲ್ಲ, ಅದನ್ನು ನೀವೇ ಬರೆಯಬೇಕು. ಟೈಮ್‌ಔಟ್ ಆದಮೇಲೆ ತಡವಾಗಿ ಬಂದ ಉತ್ತರ ಹೋಗಿ ರಿಲೀಸ್ ಕರೆಯದಂತೆ ಒಂದು ಫ್ಲಾಗನ್ನೂ ಇಡಿ.