ಅಗಲ ಪರದೆಯಲ್ಲಿ ಇಬ್ಬರು, ನಡುವೆ ಬಿಸಿಲು

‘ಪ್ಯಾಸಾ’ವನ್ನು ಮತ್ತೆ ಮತ್ತೆ ನೋಡಿದವನು ನಾನು. ಆದರೆ ಅದರ ಬೆನ್ನಿಗೇ ಗುರುದತ್ ನಿರ್ದೇಶಿಸಿದ ‘ಕಾಗಜ್ ಕೆ ಫೂಲ್’ ತಂಟೆಗೆ ಹೋಗಿರಲಿಲ್ಲ. ಕಥೆ ಗೊತ್ತಿತ್ತು: ಹೆಸರಾಂತ ನಿರ್ದೇಶಕ ಸುರೇಶ್ ಸಿನ್ಹಾ, ಮುರಿದುಬಿದ್ದ ಮದುವೆ, ತಾನೇ ಬೆಳಕಿಗೆ ತಂದ ನಟಿ ಶಾಂತಿಯ ಮೇಲಿನ ಪ್ರೀತಿ, ಸೋಲು, ಕುಡಿತ, ಕೊನೆಗೆ ಸ್ಟುಡಿಯೊದಲ್ಲೇ ಸಾವು. ತನ್ನ ಬಗ್ಗೆ ತಾನೇ ಮರುಗುವ ಕಲಾವಿದನ ಗೋಳನ್ನು ಎರಡೂವರೆ ಗಂಟೆ ಯಾರು ನೋಡುತ್ತಾರೆ ಎಂದು ಬದಿಗಿಟ್ಟಿದ್ದೆ. 1959ರ ಪ್ರೇಕ್ಷಕರಿಗೂ ಅದು ಬೇಡವಾಯಿತು. ಚಿತ್ರ ನೆಲಕಚ್ಚಿತು. ಆಮೇಲೆ ಗುರುದತ್ ನಿರ್ದೇಶಕರಾಗಿ ತಮ್ಮ ಹೆಸರು ಹಾಕಿಕೊಳ್ಳಲೇ ಇಲ್ಲ. 1964ರಲ್ಲಿ, 39ನೇ ವಯಸ್ಸಿಗೇ ತೀರಿಕೊಂಡರು.

ಕಳೆದ ವಾರ ಕೊನೆಗೂ ಪೂರ್ತಿ ನೋಡಿದೆ. ಗೋಳು ಇದೆ, ನಿಜ. ಆದರೆ ಆ ಗೋಳಿಗೆ ಕ್ಯಾಮೆರಾ ದನಿಗೂಡಿಸುವುದಿಲ್ಲ. ಸಿನ್ಹಾ ಕುಸಿಯುತ್ತಾ ಹೋದಂತೆ ಅದು ಅವನಿಂದ ದೂರ ಸರಿಯುತ್ತದೆ, ಅವನನ್ನು ಚಿಕ್ಕವನನ್ನಾಗಿ ಮಾಡಿ ಮೂಲೆಗೆ ನಿಲ್ಲಿಸುತ್ತದೆ. ಇದು ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅಷ್ಟು ಅಗಲದ ಪರದೆ ಸಿಕ್ಕರೆ ಅರಮನೆ, ಸೈನ್ಯ, ಜಾತ್ರೆ ತುಂಬಿಸಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಗುರುದತ್ ಅದನ್ನು ಖಾಲಿ ಬಿಟ್ಟರು.

ಗೀತಾ ದತ್ ಹಾಡಿರುವ, ಕೈಫಿ ಆಜ್ಮಿ ಬರೆದು ಎಸ್.ಡಿ. ಬರ್ಮನ್ ರಾಗ ಹಾಕಿದ, ಈ ಚಿತ್ರದ ಪ್ರಸಿದ್ಧ ಹಾಡೊಂದನ್ನೇ ನೋಡಿ. ಯಾರೂ ಇಲ್ಲದ ಸ್ಟುಡಿಯೊ. ಗುರುದತ್ ಒಂದು ಕಡೆ, ವಹೀದಾ ರೆಹಮಾನ್ ಇನ್ನೊಂದು ಕಡೆ. ಇಬ್ಬರ ತುಟಿಯೂ ಅಲುಗುವುದಿಲ್ಲ. ಹಾಡು ಹಿನ್ನೆಲೆಯಲ್ಲಿ ಕೇಳುತ್ತದೆ. ಮೇಲಿನಿಂದ ಬೆಳಕಿನ ಕೋಲೊಂದು ಓರೆಯಾಗಿ ಇಳಿದಿದೆ. ಇಬ್ಬರ ಛಾಯೆಗಳೂ ದೇಹ ಬಿಟ್ಟು ಹೊರಟು ಆ ಬೆಳಕಿನಲ್ಲಿ ಎದುರಾಗುತ್ತವೆ. ದೇಹಗಳು ಮಾತ್ರ ನಿಂತಲ್ಲೇ ನಿಂತಿವೆ. ಹಳೆಯ ಚೌಕ ಟಿವಿಯಲ್ಲಿ ಈ ಹಾಡನ್ನು ಎಷ್ಟೋ ಸಲ ನೋಡಿದ್ದುಂಟು. ಅಲ್ಲಿ ಇಕ್ಕೆಲಗಳೂ ಕತ್ತರಿಸಿಹೋಗಿ, ಇಬ್ಬರ ನಡುವಿನ ದೂರವೇ ಮಾಯವಾಗಿರುತ್ತಿತ್ತು. ಹಾಡಿನ ಜೀವ ಇರುವುದೇ ಆ ದೂರದಲ್ಲಿ.

ಆ ಬೆಳಕು ನಮ್ಮ ವಿ.ಕೆ. ಮೂರ್ತಿಯವರದು. ಮೈಸೂರಿನವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. (ಗುರುದತ್ ಹುಟ್ಟಿದ್ದೂ ಬೆಂಗಳೂರಿನಲ್ಲೇ.) ಸ್ಟುಡಿಯೊ ದೀಪದ ಬೆಳಕು ದೂರ ಹೋದಷ್ಟೂ ಹರಡಿಕೊಳ್ಳುತ್ತದೆ, ಬಿಸಿಲಿನಂತೆ ನೆಟ್ಟಗೆ, ಅಂಚು ಕಟ್ಟಿದಂತೆ ಬೀಳುವುದಿಲ್ಲ. ಅದಕ್ಕೇ ಮೂರ್ತಿಯವರು ಸೂರ್ಯನನ್ನೇ ಒಳಗೆ ಕರೆತಂದರು. ಒಂದು ದೊಡ್ಡ ಕನ್ನಡಿ ಹೊರಗಿನ ಬಿಸಿಲು ಹಿಡಿದು ಒಳಗೆ ಕಳಿಸಿತು, ಇನ್ನೊಂದು ಅದನ್ನು ಬೇಕಾದ ಜಾಗಕ್ಕೆ ತಿರುಗಿಸಿತು. ಎರಡು ಕನ್ನಡಿಯಲ್ಲಿ ಆದ ಕೆಲಸ! ಈ ಚಿತ್ರಕ್ಕೆ ಅವರಿಗೆ ಫಿಲ್ಮ್‌ಫೇರ್ ಬಂತು. 2008ರ ಸಾಲಿನ ಫಾಲ್ಕೆ ಪ್ರಶಸ್ತಿಯೂ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಕನ್ನಡದಲ್ಲಿ ಅವರ ಕೈಚಳಕ ನೋಡಬೇಕೆಂದರೆ ‘ಹೂವು ಹಣ್ಣು’ ಇದೆ.

ಚಿತ್ರದಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ಹೇಳಲಾರೆ. ಜಾನಿ ವಾಕರ್ ಹಾಸ್ಯ ಕಥೆಗೆ ಹೊಂದುವುದಿಲ್ಲ. ಸಿನ್ಹಾನ ಹೆಂಡತಿಗೆ ತನ್ನ ಮಾತು ಹೇಳುವ ಅವಕಾಶವೇ ಇಲ್ಲ. ಅವಳ ಮನೆಯವರ ದೊಡ್ಡಸ್ತಿಕೆ ತೋರಿಸಿ ಕೈತೊಳೆದುಕೊಂಡಿದ್ದಾರೆ. ಮದುವೆ ಮುರಿದದ್ದು ಯಾಕೆಂಬುದು ನಮಗೆ ಸರಿಯಾಗಿ ತಿಳಿಯುವುದೇ ಇಲ್ಲ. ಶಾಂತಿಯ ಪಾತ್ರ ಹಾಗಲ್ಲ. ಮಳೆಯ ರಾತ್ರಿ ಅವನು ಕೊಟ್ಟ ಕೋಟನ್ನು ಹಿಂದಿರುಗಿಸಲು ಬಂದವಳು ಗೊತ್ತಿಲ್ಲದೆ ಕ್ಯಾಮೆರಾ ಎದುರಿಗೆ ನಡೆದುಬಿಡುತ್ತಾಳೆ. ಅವನು ಅವಳಲ್ಲಿ ತನ್ನ ‘ದೇವದಾಸ್’ನ ಪಾರೋಳನ್ನು ಕಾಣುತ್ತಾನೆ. ವಹೀದಾ ಈ ಭಾಗವನ್ನು ಒಂದಿಷ್ಟೂ ನಾಟಕೀಯತೆ ಇಲ್ಲದೆ ನಿಭಾಯಿಸಿದ್ದಾರೆ.

ಕೊನೆಯಲ್ಲಿ ನಿರ್ದೇಶಕನ ಕುರ್ಚಿಯಲ್ಲೇ ಸಿನ್ಹಾ ಸತ್ತಿದ್ದಾನೆ. ಬೆಳಗ್ಗೆ ಕೆಲಸದವರು ಬೆಚ್ಚಿಬೀಳುತ್ತಾರೆ. ಹೆಣ ಎತ್ತಿ, ಶೂಟಿಂಗ್ ಶುರುವಾಗಬೇಕು ಎಂಬ ಆಜ್ಞೆ ಬರುತ್ತದೆ. ಮರುಕಕ್ಕೆ ಅಲ್ಲಿ ಪುರುಸೊತ್ತೇ ಇಲ್ಲ. ಇಷ್ಟು ಗಟ್ಟಿ ಮನಸ್ಸಿನಿಂದ ಮುಗಿಸಿದ ಚಿತ್ರವನ್ನು ಬರೀ ಗೋಳು ಎನ್ನಲಾಗದು.

ನೋಡುವುದಾದರೆ ಪರದೆಯ ಮೇಲೂ ಕೆಳಗೂ ಕಪ್ಪು ಪಟ್ಟಿ ಇರುವ ಪ್ರತಿಯನ್ನೇ ಹುಡುಕಿ. ಫೋನಿನಲ್ಲಂತೂ ಬೇಡ, ಮನೆಯಲ್ಲಿರುವ ದೊಡ್ಡ ಟಿವಿಯ ಮುಂದೆ, ದೀಪ ಆರಿಸಿ ಕುಳಿತುಕೊಳ್ಳಿ.